ಹುಟ್ಟಿದ ವಾರವೇ ಹೆಸರು: ಘಾನಾದ ಅಕಾನ್ ಹೆಸರುಗಳನ್ನು ಬಿಡಿಸಿ ಓದುವ ಬಗೆ

ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಪೂರ್ತಿ ಹೆಸರು ಕೋಫಿ ಅಟ್ಟಾ ಅನ್ನಾನ್. ಹುಟ್ಟಿದ್ದು 1938ರ ಏಪ್ರಿಲ್ 8ರಂದು, ಘಾನಾದ ಕುಮಾಸಿ ನಗರದಲ್ಲಿ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಘಾನಾದವರಿಗೆ ಎರಡು ಸಂಗತಿ ತಿಳಿದುಬಿಡುತ್ತವೆ. ಈತ ಶುಕ್ರವಾರ ಹುಟ್ಟಿದವನು, ಈತನ ಜೊತೆಗೆ ಇನ್ನೊಂದು ಕೂಸೂ ಹುಟ್ಟಿದೆ. ಕೋಫಿ ಎಂದರೆ ಶುಕ್ರವಾರದ ಗಂಡು, ಅಟ್ಟಾ ಎಂದರೆ ಅವಳಿ. ಅವರ ಅವಳಿ ಸಹೋದರಿಯ ಹೆಸರು ಎಫುವಾ ಅಟ್ಟಾ. ಎಫುವಾ ಎಂದರೆ ಶುಕ್ರವಾರದ ಹೆಣ್ಣು. ಕೊನೆಯಲ್ಲಿರುವ ಅನ್ನಾನ್ ಪದಕ್ಕೆ ‘ನಾಲ್ಕನೆಯವನು’ ಎಂದು ಅರ್ಥವಿದೆ, ಆದರೆ ಇವರ ಪಾಲಿಗೆ ಅದು ತಂದೆಯಿಂದ ಬಂದ ಮನೆತನದ ಹೆಸರು.

2025ರ ಜುಲೈನಲ್ಲಿ ಭಾರತದ ಪ್ರಧಾನಿ ಘಾನಾಕ್ಕೆ ಭೇಟಿ ಕೊಟ್ಟಾಗ ಆ ದೇಶದ ಹೆಸರು ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಕಾಣಿಸಿತು. ಕ್ರೀಡಾಪುಟದಲ್ಲಿ ಘಾನಾದ ಫುಟ್‌ಬಾಲ್ ಆಟಗಾರರ ಹೆಸರುಗಳಂತೂ ಮೊದಲಿನಿಂದ ಬರುತ್ತಲೇ ಇವೆ. ಕಾಲೇಜಿನಲ್ಲೋ ಕಂಪನಿಯಲ್ಲೋ ಕ್ವಾಮೆ, ಅಕೊಸುವಾ, ಯಾವ್ ಎಂಬ ಹೆಸರಿನವರು ಎದುರಾಗುವುದೂ ಉಂಟು. ಈ ಹೆಸರುಗಳ ಹಿಂದೆ ಒಂದು ಅಚ್ಚುಕಟ್ಟಾದ ಲೆಕ್ಕವಿದೆ. ಅದು ಗೊತ್ತಿಲ್ಲದಿದ್ದರೆ ಅರ್ಜಿ ತುಂಬುವುದರಿಂದ ಹಿಡಿದು ಮಾತಾಡಿಸುವವರೆಗೆ ತಪ್ಪಾಗುತ್ತದೆ. ಗೊತ್ತಾದರೆ ಆ ನಾಡಿನ ಕುಟುಂಬ, ದೇವರು, ಹಬ್ಬ, ಹೊಲದ ಕೆಲಸ ಎಲ್ಲಕ್ಕೂ ಒಂದು ಬಾಗಿಲು ತೆರೆದಂತಾಗುತ್ತದೆ.

ಅಕಾನರು ಯಾರು

ಘಾನಾ ಪಶ್ಚಿಮ ಆಫ್ರಿಕಾದ ಕರಾವಳಿ ದೇಶ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಗೋಲ್ಡ್ ಕೋಸ್ಟ್ ಎಂಬ ಹೆಸರಿತ್ತು. 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 3 ಕೋಟಿ 8 ಲಕ್ಷ, ಅಂದರೆ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಇವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅಕಾನರು. ಅಕಾನ್ ಎಂಬುದು ಒಂದೇ ಬುಡಕಟ್ಟಲ್ಲ. ಕುಮಾಸಿಯ ಸುತ್ತಲಿನ ಅಸಾಂತೆ, ಕಡಲ ದಂಡೆಯ ಫಾಂಟೆ, ಗುಡ್ಡಸೀಮೆಯ ಅಕ್ವಾಪಿಮ್, ಅಕ್ಯೆಮ್ ಹೀಗೆ ಹಲವು ಜನವರ್ಗಗಳ ಗುಂಪು. ಅವರ ಮಾತು ಟ್ವಿ ಮತ್ತು ಫಾಂಟೆ. ನಮ್ಮಲ್ಲಿ ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಇರುವಂಥ ಅಂತರ ಇವುಗಳ ನಡುವೆಯೂ ಇದೆ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ.

ಏಳು ವಾರ, ಹದಿನಾಲ್ಕು ಹೆಸರು

ಟ್ವಿ ಭಾಷೆಯಲ್ಲಿ ‘ದಾ’ ಎಂದರೆ ದಿನ. ಸೋಮವಾರದಿಂದ ‘ವಾರ’ ತೆಗೆದರೆ ಸೋಮ ಉಳಿಯುವಂತೆ, ಟ್ವಿಯ ವಾರದ ಹೆಸರಿನಿಂದ ‘ದಾ’ ತೆಗೆದರೆ ಒಂದು ಬೇರು ಉಳಿಯುತ್ತದೆ. ಆ ಬೇರಿಗೆ ಮುಂದೆ ‘ಕ್ವಾ’ ಅಥವಾ ‘ಕೋ’ ಸೇರಿಸಿದರೆ ಗಂಡಿನ ಹೆಸರು. ಮುಂದೆ ‘ಅ’, ಹಿಂದೆ ‘ಆ’ ಸೇರಿಸಿದರೆ ಹೆಣ್ಣಿನ ಹೆಸರು. ಎಲ್ಲ ವಾರಕ್ಕೂ ಇದು ನೂಲು ಹಿಡಿದಂತೆ ಹೊಂದುವುದಿಲ್ಲ, ಆದರೂ ಜಾಡು ಸ್ಪಷ್ಟವಾಗಿ ಕಾಣುತ್ತದೆ.

ಸೋಮವಾರ (ಜ್ವೊಆದಾ): ಕ್ವಾಜೊ, ಅಜ್ವೊವಾ
ಮಂಗಳವಾರ (ಬೆನಾದಾ): ಕ್ವಾಬೆನಾ, ಅಬೆನಾ
ಬುಧವಾರ (ವುಕುಆದಾ): ಕ್ವಾಕು, ಅಕುವಾ
ಗುರುವಾರ (ಯಾವ್ಆದಾ): ಯಾವ್, ಯಾ
ಶುಕ್ರವಾರ (ಫಿಆದಾ): ಕೋಫಿ, ಅಫುವಾ
ಶನಿವಾರ (ಮೆಮೆನೆದಾ): ಕ್ವಾಮೆ, ಅಮಾ
ಭಾನುವಾರ (ಕ್ವಾಸಿಆದಾ): ಕ್ವಾಸಿ, ಅಕೊಸುವಾ

ಇವು ಅಸಾಂತೆ ರೂಪಗಳು. ಫಾಂಟೆಯವರಲ್ಲಿ ಕ್ವಾಜೊ ಎಂಬುದು ಕೋಜೊ ಆಗುತ್ತದೆ, ಕ್ವಾಬೆನಾ ಕೋಬಿನಾ, ಕ್ವಾಕು ಕ್ವೆಕು, ಕ್ವಾಮೆ ಕ್ವಾಮೆನಾ, ಕ್ವಾಸಿ ಕ್ವೆಸಿ. ಹೆಣ್ಣು ಹೆಸರುಗಳಲ್ಲಿ ಮಂಗಳವಾರಕ್ಕೆ ಅರಾಬಾ, ಗುರುವಾರಕ್ಕೆ ಅಬಾ, ಶುಕ್ರವಾರಕ್ಕೆ ಎಫುವಾ, ಭಾನುವಾರಕ್ಕೆ ಎಸಿ. ಇವುಗಳ ಮೇಲೆ ಮುದ್ದಿನ ರೂಪಗಳು ಬೇರೆ: ಶುಕ್ರವಾರದವನಿಗೆ ಫೀಫಿ ಅಥವಾ ಯೂಫಿ, ಮಂಗಳವಾರದವನಿಗೆ ಎಬೊ, ಶನಿವಾರದವನಿಗೆ ಆಟೊ. 2009ರಿಂದ 2012ರವರೆಗೆ ಘಾನಾದ ಅಧ್ಯಕ್ಷರಾಗಿದ್ದ ಜಾನ್ ಎವಾನ್ಸ್ ಫೀಫಿ ಅಟ್ಟಾ ಮಿಲ್ಸ್ ಅವರ ಹೆಸರಿನಲ್ಲಿ ಕಾಣುವುದು ಈ ಫೀಫಿಯೇ. ಅವರು ಹುಟ್ಟಿದ್ದು 1944ರ ಜುಲೈ 21, ಶುಕ್ರವಾರ.

ತುಳುನಾಡಿನ ಪರಿಚಯವಿರುವ ಓದುಗರಿಗೆ ಇದು ಹೊಸದೇನೂ ಅನ್ನಿಸದು. ಐತಾರ ಹುಟ್ಟಿದವನು ಐತ, ಸೋಮವಾರದವನು ಸೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಆಮೇಲೆ ಗುರುವ, ತುಕ್ರ, ತನಿಯ. ಕೊರಗಜ್ಜನೆಂದು ಜನ ನಂಬಿ ನಡೆಯುವ ದೈವದ ಮೂಲ ಹೆಸರು ಕೊರಗ ತನಿಯ, ಅಂದರೆ ಶನಿವಾರದವನು. ಅಕಾನರ ಲೆಕ್ಕದಲ್ಲಿ ಹೇಳುವುದಾದರೆ ಆತ ಕ್ವಾಮೆ. ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ತುಳುನಾಡಿನಲ್ಲಿ ಈ ಹೆಸರುಗಳು ಹೆಚ್ಚಾಗಿ ದುಡಿಯುವ ಜಾತಿಗಳವರಲ್ಲಿ ಉಳಿದುಕೊಂಡವು, ಮೇಲ್ಜಾತಿಯವರು ದೇವರ ಹೆಸರು ಇಟ್ಟುಕೊಂಡರು. ಅಕಾನರಲ್ಲಿ ಅರಸನಿಗೂ ಆಳಿಗೂ ಅದೇ ಹದಿನಾಲ್ಕು ಹೆಸರು.

ಇದು ಯಾರಿಟ್ಟ ಹೆಸರು

ವಾರದ ಹೆಸರಿಗೆ ಟ್ವಿಯಲ್ಲಿ ‘ಕ್ರಾದಿನ್’ ಎನ್ನುತ್ತಾರೆ. ದಿನ್ ಎಂದರೆ ಹೆಸರು, ಕ್ರಾ ಎಂದರೆ ಜೀವಾತ್ಮ. ಅಕಾನರ ನಂಬಿಕೆಯಲ್ಲಿ ಮನುಷ್ಯ ಮೂರು ಕಡೆಯಿಂದ ಕೂಡಿ ಬರುತ್ತಾನೆ. ತಾಯಿಯಿಂದ ಬರುವುದು ‘ಮೊಜಾ’, ಅಂದರೆ ರಕ್ತ. ತಂದೆಯಿಂದ ಬರುವುದು ‘ನ್ತೊರೊ’, ಅಂದರೆ ಸ್ವಭಾವ ಮತ್ತು ತೇಜಸ್ಸು. ಕ್ರಾ ಬರುವುದು ಭಗವಂತನಿಂದ. ಯಾವ ವಾರ ಕ್ರಾ ಭೂಮಿಗೆ ಇಳಿಯಿತೋ ಆ ವಾರದ ಹೆಸರು ಅದಕ್ಕೆ ತಾನಾಗಿ ಅಂಟುತ್ತದೆ. ಆದ್ದರಿಂದ ಕ್ರಾದಿನ್ ಅನ್ನು ಯಾರೂ ಹುಡುಕಬೇಕಿಲ್ಲ, ಚರ್ಚಿಸಬೇಕಿಲ್ಲ. ಮಗು ಅದನ್ನು ಹೊತ್ತುಕೊಂಡೇ ಬಂದಿರುತ್ತದೆ, ನಮ್ಮಲ್ಲಿ ಕೂಸು ನಕ್ಷತ್ರವನ್ನು ಹೊತ್ತು ಬರುವ ಹಾಗೆ.

ರಕ್ತ ತಾಯಿಯಿಂದ ಬರುತ್ತದೆ ಎಂಬ ಮಾತಿಗೆ ಬದುಕಿನಲ್ಲಿ ತುಂಬ ತೂಕವಿದೆ. ಮಗು ಸೇರುವುದು ತಾಯಿಯ ಕುಲಕ್ಕೆ, ‘ಅಬುಸುವಾ’ಕ್ಕೆ. ಒಯೊಕೊ, ಬ್ರೆಟುಒ, ಅಗೊನಾ, ಅಸೊನಾ ಮುಂತಾಗಿ ಎಂಟು ಅಬುಸುವಾಗಳನ್ನು ಎಣಿಸುತ್ತಾರೆ. ಅಸಾಂತೆಯ ಅರಸು ಪಟ್ಟ ಒಯೊಕೊ ಕುಲದ್ದು. ಪಟ್ಟ ಹೋಗುವುದು ಅರಸನ ಮಗನಿಗಲ್ಲ. ತಾಯಿ ಕಡೆಯ ಗಂಡಿಗೆ, ಅಂದರೆ ತಮ್ಮನಿಗೋ ಅಕ್ಕತಂಗಿಯರ ಮಗನಿಗೋ. ಕರಾವಳಿಯ ಅಳಿಯಸಂತಾನ ಪದ್ಧತಿ ಕಂಡವರಿಗೆ ಇಷ್ಟು ಹೇಳಿದರೆ ಸಾಕು, ಅಲ್ಲಿ ‘ಬಳಿ’, ಅಂದರೆ ಕುಲ, ತಾಯಿಯಿಂದ ಬರುವಂತೆ ಅಬುಸುವಾವೂ ತಾಯಿಯಿಂದ. ಹಿಂದೆ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಗಳಿಕೆ ಅಕ್ಕತಂಗಿಯರ ಮಕ್ಕಳ ಕಡೆಗೆ ಹೋಗಿ, ಹೆಂಡತಿ ಮಕ್ಕಳು ಬರಿಗೈಯಲ್ಲಿ ಉಳಿಯುವ ಪ್ರಸಂಗಗಳು ಆಗುತ್ತಿದ್ದವು. 1985ರಲ್ಲಿ ಬಂದ ವಾರಸು ಕಾನೂನು ಹೆಂಡತಿ ಮಕ್ಕಳಿಗೂ ಪಾಲು ಕೊಟ್ಟಿತು.

ಕುಲ ತಾಯಿಯದಾದರೂ ಹೆಸರಿಡುವ ಹಕ್ಕು ತಂದೆಯದು. ವಾರದ ಹೆಸರಿನ ಜೊತೆಗೆ ಸೇರುವ ಎರಡನೇ ಹೆಸರನ್ನು ಆರಿಸುವವನು ಅವನೇ. ಹೆಸರಿಟ್ಟರೆ ‘ಈ ಮಗು ನನ್ನದು’ ಎಂದು ಊರೆದುರು ಒಪ್ಪಿಕೊಂಡಂತೆ. ಹಿರಿಯರೊಬ್ಬರ ನೆನಪಿಗಾಗಿಯೋ ತಾನು ಗೌರವಿಸುವ ಸ್ನೇಹಿತನಿಗಾಗಿಯೋ ಹೆಸರು ಆರಿಸುತ್ತಾನೆ. ಒಬ್ಬನೇ ತಂದೆಯ ನಾಲ್ಕು ಮಕ್ಕಳಿಗೆ ನಾಲ್ಕು ಬೇರೆ ಬೇರೆ ಕೊನೆಹೆಸರು ಇರಲು ಕಾರಣ ಇದು. ತಂದೆಯ ಹೆಸರು ಒಂದು, ಮಗನದು ಇನ್ನೊಂದು ಎಂದು ಕಡತ ತಳ್ಳಿಹಾಕುವ ಗುಮಾಸ್ತರು ಇದನ್ನು ತಿಳಿದಿರಬೇಕು. ಈಚೆಗೆ ಶಾಲೆ, ಪಾಸ್‌ಪೋರ್ಟ್‌ಗಳ ಕಾರಣದಿಂದ ತಂದೆಯ ಕೊನೆಹೆಸರನ್ನೇ ಎಲ್ಲ ಮಕ್ಕಳಿಗೂ ಮುಂದುವರಿಸುವುದು ಹೆಚ್ಚಾಗಿದೆ.

ಎಂಟನೇ ದಿನ ಏನಾಗುತ್ತದೆ

ಹುಟ್ಟಿದ ಏಳು ದಿನ ಕೂಸು ಮನೆಯೊಳಗೇ ಇರಬೇಕೆಂಬುದು ಹಳೆಯ ಕಟ್ಟಳೆ. ಅಷ್ಟು ದಿನ ಅದು ಬಂದುಹೋಗುವ ಅತಿಥಿ, ನಿಲ್ಲುತ್ತದೋ ಮರಳುತ್ತದೋ ಗೊತ್ತಿಲ್ಲ. ಹಸುಗೂಸುಗಳ ಸಾವು ಹೆಚ್ಚಾಗಿದ್ದ ಕಾಲದಲ್ಲಿ ಈ ಎಚ್ಚರಕ್ಕೆ ಅರ್ಥವಿತ್ತು. ಎಂಟನೇ ದಿನ ನಸುಕಿನಲ್ಲಿ ಎರಡೂ ಕಡೆಯ ನೆಂಟರು ಸೇರುತ್ತಾರೆ, ಮಗುವನ್ನು ಮೊದಲ ಸಲ ಹೊರಗೆ ತರುತ್ತಾರೆ. ಘಾನಾದಲ್ಲಿ ಆಡುವ ಇಂಗ್ಲಿಷಿನಲ್ಲಿ ಇದಕ್ಕೆ ‘ಔಟ್‌ಡೋರಿಂಗ್’ ಎಂದೇ ಹೆಸರು, ಟ್ವಿಯಲ್ಲಿ ‘ಅಬಾದಿಂಟೊ’.

ಎಂಟನೇ ದಿನ ಎಂದಾಗ ಲೆಕ್ಕ ತಪ್ಪುವವರು ಬಹಳ. ಹುಟ್ಟಿದ ದಿನವನ್ನೂ ಸೇರಿಸಿ ಎಣಿಸಬೇಕು. ಶುಕ್ರವಾರ ಹುಟ್ಟಿದ ಕೂಸಿಗೆ ಶುಕ್ರವಾರ ಒಂದು, ಶನಿವಾರ ಎರಡು ಹೀಗೆ ಎಣಿಸಿದರೆ ಎಂಟನೆಯದು ಮತ್ತೆ ಶುಕ್ರವಾರವೇ. ಹುಟ್ಟಿದ ವಾರದಂದೇ ಹೆಸರು. ಟ್ವಿಯಲ್ಲಿ ಒಂದು ವಾರದ ಅವಧಿಗೆ ‘ನ್ನಾವೊಚ್ವೆ’ ಎನ್ನುತ್ತಾರೆ, ಪದಶಃ ಅರ್ಥ ಎಂಟು ದಿನ. ‘ಇವತ್ತಿಗೆ ಎಂಟು ದಿನಕ್ಕೆ ಬಾ’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಲೆಕ್ಕವೂ ಇದೇ.

ಶಾಸ್ತ್ರ ಚಿಕ್ಕದು. ನಡತೆ ಒಳ್ಳೆಯದಿರುವ ಹಿರಿಯರೊಬ್ಬರನ್ನು ಇದಕ್ಕೆ ಆರಿಸುತ್ತಾರೆ, ಏಕೆಂದರೆ ಅವರ ಗುಣ ಮಗುವಿಗೆ ಹತ್ತುತ್ತದೆ ಎಂಬ ನಂಬಿಕೆ. ಅವರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಮುಟ್ಟಿಸುತ್ತಾರೆ. ಆಮೇಲೆ ಮದ್ಯಕ್ಕೆ ಅದ್ದಿ ಮುಟ್ಟಿಸುತ್ತಾರೆ. ಸಾಮಾನ್ಯವಾಗಿ ಮೂರು ಮೂರು ಸಲ. ಜೊತೆಗೆ ಹೇಳುವ ಮಾತಿನ ಸಾರ ಇಷ್ಟು: ನೀರು ಎಂದರೆ ಅದು ನೀರೇ ಆಗಿರಲಿ, ಮದ್ಯ ಎಂದರೆ ಮದ್ಯವೇ ಆಗಿರಲಿ. ಟ್ವಿಯಲ್ಲಿ ನೀರಿಗೆ ‘ನ್ಸುಒ’, ಮದ್ಯಕ್ಕೆ ‘ನ್ಸಾ’. ಕಿವಿಗೆ ಹತ್ತಿರದ ಪದಗಳು, ಕಣ್ಣಿಗೆ ಎರಡೂ ಒಂದೇ ಬಣ್ಣ, ರುಚಿ ಮಾತ್ರ ಬೇರೆ. ಕಂಡದ್ದನ್ನು ಕಂಡಂತೆ ಹೇಳು ಎಂಬುದು ಮಗು ಕೇಳುವ ಮೊದಲ ಬುದ್ಧಿಮಾತು. ಮದ್ಯ ಮುಟ್ಟದ ಕ್ರೈಸ್ತ ಮನೆಗಳಲ್ಲಿ ಅದರ ಬದಲು ಹಣ್ಣಿನ ರಸ, ಜೇನು ಅಥವಾ ಉಪ್ಪು ಬಳಸುತ್ತಾರೆ. ಆಮೇಲೆ ಹೆಸರನ್ನು ಗಟ್ಟಿಯಾಗಿ ಹೇಳಿ, ಬಂದವರು ಉಡುಗೊರೆ ಕೊಟ್ಟು, ಊಟ ಮಾಡಿ ಹೋಗುತ್ತಾರೆ.

ವಾರದ ಮೇಲೆ ಇನ್ನೆಷ್ಟು ಪದರ

ಊರಿನಲ್ಲಿ ಏಳರಲ್ಲಿ ಒಬ್ಬ ಗಂಡು ಕೋಫಿ ಆಗಿರುವಾಗ ಬರೀ ಕೋಫಿ ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ದೊಡ್ಡವನಿಗೆ ಪಾನಿನ್, ಚಿಕ್ಕವನಿಗೆ ಕುಮಾ ಎಂದು ಸೇರಿಸುತ್ತಾರೆ, ನಾವು ದೊಡ್ಡಣ್ಣ ಚಿಕ್ಕಣ್ಣ ಎಂದಂತೆ. ಇದರ ಮೇಲೆ ಹುಟ್ಟಿದ ಸರದಿಯ ಹೆಸರುಗಳಿವೆ. ಚೊಚ್ಚಲು ಮಗು ಪಿಯೆಸಿಯೆ, ಎರಡನೆಯದು ಮನು, ಮೂರನೆಯ ಗಂಡು ಮೆನ್ಸಾ, ಹೆಣ್ಣಾದರೆ ಮನ್ಸಾ. ನಾಲ್ಕಕ್ಕೆ ಅನಾನೆ, ಐದಕ್ಕೆ ಅನುಮ್, ಆರಕ್ಕೆ ನ್ಸಿಯಾ, ಒಂಬತ್ತಕ್ಕೆ ನ್ಕ್ರುಮಾ, ಹತ್ತಕ್ಕೆ ಬಾದು. ಅವಳಿಗಳು ಅಟಾ ಅಥವಾ ಅಟ್ಟಾ. ಅವಳಿಯ ಬೆನ್ನಿಗೆ ಹುಟ್ಟಿದ ಮಗು ತಾವಿಯಾ. ಒಂದೇ ಪದದಿಂದ ಅದರ ಮೇಲೆ ಕನಿಷ್ಠ ಇಬ್ಬರಿದ್ದಾರೆಂದು ತಿಳಿಯುತ್ತದೆ.

ಹುಟ್ಟಿದ ಸಂದರ್ಭವೂ ಹೆಸರಾಗುತ್ತದೆ. ನ್ಯಾಮೆಚೆ ಎಂದರೆ ದೇವರ ಕೊಡುಗೆ. ಅಫ್ರಿಯಿಯೆ ಎಂದರೆ ಒಳ್ಳೆಯ ಗಳಿಗೆಯಲ್ಲಿ ಬಂದವಳು. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು ಅಂಟೊಬಾಮ್. ಮೇಲಿಂದ ಮೇಲೆ ಮಕ್ಕಳನ್ನು ಕಳೆದುಕೊಂಡ ತಾಯಿಯ ಮಗುವಿಗೆ ಬೆಜಿನಾ, ‘ಬಂದು ನಿಲ್ಲು’ ಎಂಬ ಬೇಡಿಕೆಯೇ ಹೆಸರು. ಅಥವಾ ಸಾವಿಗೆ ಅಸಹ್ಯವಾಗಲೆಂದು ಬೇಕೆಂದೇ ಒರಟಾದ ಹೆಸರು ಇಡುತ್ತಾರೆ. ಅಂಥದ್ದರಲ್ಲಿ ಒಂದು ಸುಮಿನಾ, ಅಂದರೆ ಕಸದ ಗುಡ್ಡೆ. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದದ್ದೂ ಇದೇ ಸಂಕಟದಿಂದ. ಎಲ್ಲ ತಿಪ್ಪಣ್ಣರ ಹೆಸರಿನ ಹಿಂದೆಯೂ ಇದೇ ಕಾರಣ ಇರುವುದಿಲ್ಲ ನಿಜ, ತಿಪ್ಪೇರುದ್ರಸ್ವಾಮಿಯ ಹರಕೆಯಿಂದ ಇಟ್ಟವರೂ ಇದ್ದಾರೆ. ಆದರೆ ಎರಡು ದೂರದ ನಾಡುಗಳ ತಾಯಂದಿರು ಒಂದೇ ಪದಕ್ಕೆ ಬಂದು ತಲುಪಿದ್ದು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಪ್ರತಿ ವಾರದ ಹೆಸರಿಗೂ ಒಂದು ಬಿರುದು, ಒಂದು ಸ್ವಭಾವ ಅಂಟಿದೆ. ಕ್ವಾಜೊ ಶಾಂತ, ಯಾವ್ ಕಾಳಗಕ್ಕೆ ಮುಂದಾಗುವವನು, ಅವನ ಬಿರುದು ಪ್ರೆಕೊ. ಕೋಫಿ ಅಲೆಮಾರಿ. ಕ್ವಾಕು ಮುಂಗೋಪಿ, ಜಗಳಗಂಟ ಎಂಬ ಮಾತಿದೆ. ಗುಸ್ತಾವ್ ಯಹೋಡಾ ಎಂಬ ಮನಃಶಾಸ್ತ್ರಜ್ಞ 1954ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಸಾಂತೆ ಹುಡುಗರ ಬಾಲಾಪರಾಧ ದಾಖಲೆಗಳನ್ನು ನೋಡಿದಾಗ ಕ್ವಾಜೊಗಳು ಕಡಿಮೆಯೂ, ಹೊಡೆದಾಟದ ಪ್ರಕರಣಗಳಲ್ಲಿ ಕ್ವಾಕುಗಳು ಹೆಚ್ಚೂ ಕಂಡರು. ವಾರಕ್ಕೆ ಶಕ್ತಿಯಿದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ‘ಇವನು ಬುಧವಾರದವನು, ಹೀಗೇ’ ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದ ಹುಡುಗ ಹಾಗೇ ಆಗುವ ಸಾಧ್ಯತೆಯನ್ನು ಅದು ಮುಂದಿಡುತ್ತದೆ.

ದೇವರಿಗೂ ವಾರ, ಪೀಠಕ್ಕೂ ವಾರ

ಮನುಷ್ಯರಿಗೆ ಮಾತ್ರ ಈ ಲೆಕ್ಕ ಎಂದುಕೊಂಡರೆ ಅರ್ಧ ವಿಷಯ ಕೈತಪ್ಪುತ್ತದೆ. ಪರಮಾತ್ಮ ಒನ್ಯಾಂಕೊಪೊನ್ ಕ್ವಾಮೆ, ಶನಿವಾರದವನು. ಭೂತಾಯಿ ಅಸಾಸೆ ಯಾ, ಗುರುವಾರದವಳು. ಆದ್ದರಿಂದ ಅಸಾಂತೆಯಲ್ಲಿ ಗುರುವಾರ ಗುದ್ದಲಿ ನೆಲಕ್ಕೆ ಮುಟ್ಟಿಸುವುದಿಲ್ಲ. ಅದೇ ಭೂತಾಯಿ ಫಾಂಟೆಯವರಿಗೆ ಅಸಾಸೆ ಎಫುವಾ, ಶುಕ್ರವಾರದವಳು, ಅಲ್ಲಿ ಹೊಲಕ್ಕೆ ಶುಕ್ರವಾರ ಬಿಡುವು. ಕಡಲಿಗೆ ಮಂಗಳವಾರ. ಘಾನಾದ ಕರಾವಳಿಯ ಬಹುಭಾಗದಲ್ಲಿ ಮಂಗಳವಾರ ದೋಣಿ ಇಳಿಸುವುದಿಲ್ಲ, ಅವತ್ತು ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ. ಸೋಮವಾರ ಬಸವನ ದಿನವೆಂದು ಎತ್ತು ಹೂಡದ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅಕಾನ್ ಕತೆಗಳ ಚತುರ ಜೇಡ ಅನಾನ್ಸೆಯ ಪೂರ್ತಿ ಹೆಸರು ಕ್ವಾಕು ಅನಾನ್ಸೆ. ಬುಧವಾರದ ತಂಟೆಕೋರ ಸ್ವಭಾವ ಅವನಿಗೆ ಸರಿಯಾಗಿ ಹೊಂದುತ್ತದೆ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಅಸಾಂತೆಯ ಚಿನ್ನದ ಪೀಠ. ಅದರ ಹೆಸರು ಸಿಕಾ ಜ್ವಾ ಕೋಫಿ. ಸಿಕಾ ಚಿನ್ನ, ಜ್ವಾ ಪೀಠ, ಕೋಫಿ ಶುಕ್ರವಾರ. ಹದಿನೆಂಟನೇ ಶತಮಾನದ ಆರಂಭದ ಹೊತ್ತಿಗೆ ಅರಸ ಒಸೆ ಟುಟುವಿನ ಕಾಲದಲ್ಲಿ ಅನೊಚೆ ಎಂಬ ಅರ್ಚಕ ಅದನ್ನು ಆಕಾಶದಿಂದ ಇಳಿಸಿದನೆಂದು ಪರಂಪರೆ ಹೇಳುತ್ತದೆ. ಇಳಿದ ವಾರವೇ ಅದರ ಹುಟ್ಟಿದ ವಾರ. ಹೆಸರು ಇದೆ ಅಂದರೆ ಅದರಲ್ಲಿ ಕ್ರಾ ಇದೆ ಎಂದರ್ಥ. ಅಸಾಂತೆ ಜನರೆಲ್ಲರ ಜೀವ ಅದರಲ್ಲಿದೆ ಎಂದು ನಂಬಿದ್ದರಿಂದ ಅರಸನೂ ಅದರ ಮೇಲೆ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಆ ಪೀಠದ ಮೇಲೆ ತನ್ನನ್ನು ಕೂರಿಸಬೇಕೆಂದು ಕೇಳಿದಾಗ ಯುದ್ಧವೇ ನಡೆಯಿತು. ಮುಂದೆ ನಿಂತವಳು ಎಜಿಸುವಿನ ರಾಜಮಾತೆ ಯಾ ಅಸಾಂತೆವಾ, ಗುರುವಾರದ ಹೆಣ್ಣು. ಯುದ್ಧ ಸೋತು ಅವಳನ್ನು ಸೆಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು, 1921ರಲ್ಲಿ ಅಲ್ಲಿಯೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ.

ಆರು ಗುಣಿಸು ಏಳು: ಹಬ್ಬದ ಲೆಕ್ಕ

ಅಕಾನರಲ್ಲಿ ಏಳು ವಾರದ ಜೊತೆಗೆ ಆರು ದಿನದ ಇನ್ನೊಂದು ಸುತ್ತೂ ಓಡುತ್ತಿರುತ್ತದೆ: ಫೊ, ನ್ವುನಾ, ನ್ಚಿ, ಕುರು, ಕ್ವಾ, ಮೊನೊ. ಪಂಚಾಂಗದಲ್ಲಿ ವಾರ ಒಂದು ಕಡೆ, ತಿಥಿ ಒಂದು ಕಡೆ ನಡೆದು ಎರಡೂ ಕೂಡಿದಾಗ ವಿಶೇಷ ದಿನ ಆಗುವಂತೆ, ಇಲ್ಲಿ ಈ ಎರಡು ಸುತ್ತು ಕೂಡುತ್ತವೆ. ಆರು ಹಲ್ಲಿನ ಚಕ್ರ, ಏಳು ಹಲ್ಲಿನ ಚಕ್ರ ಒಂದಕ್ಕೊಂದು ತಾಗಿ ತಿರುಗಿದರೆ ಅದೇ ಜೋಡಿ ಮತ್ತೆ ಬರಲು 42 ದಿನ ಬೇಕು. ಈ ಅವಧಿಗೆ ‘ಅದಾದುಆನಾನ್’ ಎನ್ನುತ್ತಾರೆ. ಪದದ ಅರ್ಥ ನಲವತ್ತು ದಿನ, ಲೆಕ್ಕ ನಲವತ್ತೆರಡು.

ಕುರು ಮತ್ತು ಭಾನುವಾರ ಕೂಡಿದ ದಿನ ಅಕ್ವಾಸಿದೆ. ಅಸಾಂತೆಯ ಪೂರ್ವಿಕರ ದಿನ ಅದು. ಅರಸರ ಪೀಠಗಳಿರುವ ಕೋಣೆಯಲ್ಲಿ ಹಿಸುಕಿದ ಗೆಣಸುಗಡ್ಡೆ, ಮೊಟ್ಟೆ, ಪಾನೀಯ ಅರ್ಪಿಸುತ್ತಾರೆ. ಕುಮಾಸಿಯ ಮನ್ಹಿಯಾ ಅರಮನೆಯಲ್ಲಿ ಅರಸರು ಡೋಲು, ಛತ್ರಗಳ ನಡುವೆ ಸಭೆ ಕೊಡುತ್ತಾರೆ. ಕುರು ಮತ್ತು ಬುಧವಾರ ಕೂಡಿದರೆ ಅವುಕುದೆ. ಅಕ್ವಾಸಿದೆಯಿಂದ ಅವುಕುದೆಗೆ 24 ದಿನ, ಅಲ್ಲಿಂದ ಮುಂದಿನ ಅಕ್ವಾಸಿದೆಗೆ 18. ಬೇಕಾದರೆ ಪರೀಕ್ಷಿಸಿ: 24 ಆರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಏಳರಿಂದ ಭಾಗಿಸಿದರೆ 3 ಉಳಿಯುತ್ತದೆ, ಭಾನುವಾರದಿಂದ ಮೂರು ದಿನ ಮುಂದೆ ಬುಧವಾರ. ಪ್ರವಾಸ ಹೋಗುವವರು ಇದನ್ನು ನೆನಪಿಟ್ಟರೆ ಅನುಕೂಲ. ಒಂದು ಅಕ್ವಾಸಿದೆಯ ತಾರೀಖು ಗೊತ್ತಾದರೆ ಸಾಕು, 42 ಕೂಡಿಸುತ್ತ ಹೋಗಬಹುದು.

ತಾರೀಖು ಮರೆತರೂ ವಾರ ಮರೆಯದು

ಘಾನಾದ ಮೊದಲ ಪ್ರಧಾನಿ, ಆಮೇಲೆ ಮೊದಲ ಅಧ್ಯಕ್ಷರಾದ ಕ್ವಾಮೆ ನ್ಕ್ರುಮಾ ಹುಟ್ಟಿದಾಗ ಅವರ ಊರು ನ್ಕ್ರೊಫುಲ್‌ನಲ್ಲಿ ತಾರೀಖು ಬರೆದಿಡುವ ಪದ್ಧತಿ ಇರಲಿಲ್ಲ. ದೀಕ್ಷಾಸ್ನಾನ ಮಾಡಿಸಿದ ಪಾದ್ರಿ 1909ರ ಸೆಪ್ಟೆಂಬರ್ 21 ಎಂದು ಅಂದಾಜಿನಲ್ಲಿ ಬರೆದ. ಆದರೆ ಆ ದಿನ ಮಂಗಳವಾರ. ಕ್ವಾಮೆ ಎಂದರೆ ಶನಿವಾರ, ಸೆಪ್ಟೆಂಬರ್ ನಡುವಿನ ಶನಿವಾರ ಹುಟ್ಟಿದ್ದಂತೂ ಖಚಿತ. ಹತ್ತಿರದ ಶನಿವಾರ ಸೆಪ್ಟೆಂಬರ್ 18. ಅದೇ ತಮ್ಮ ಹುಟ್ಟಿದ ದಿನವಿರಬಹುದು ಎಂದು ನ್ಕ್ರುಮಾ ಲೆಕ್ಕ ಹಾಕಿದರು. ಆದರೂ ದೇಶ ಅವರನ್ನು ನೆನೆಯುವುದು ಪಾದ್ರಿ ಬರೆದ ಸೆಪ್ಟೆಂಬರ್ 21ರಂದೇ.

ನಿಮ್ಮ ಅಕಾನ್ ಹೆಸರು ತಿಳಿಯಬೇಕೆಂದರೆ ಕ್ಯಾಲೆಂಡರ್ ಇಲ್ಲದೆಯೂ ಲೆಕ್ಕ ಮಾಡಬಹುದು. ಇಸವಿಯ ಕೊನೆಯ ಎರಡು ಅಂಕಿ ತೆಗೆದುಕೊಳ್ಳಿ. ಅದನ್ನು 4ರಿಂದ ಭಾಗಿಸಿ ಬಂದ ಪೂರ್ಣ ಸಂಖ್ಯೆಯನ್ನು ಅದಕ್ಕೇ ಕೂಡಿಸಿ. ತಾರೀಖನ್ನು ಕೂಡಿಸಿ. ಕೊನೆಗೆ ತಿಂಗಳ ಅಂಕಿ ಕೂಡಿಸಿ: ಜನವರಿ 0, ಫೆಬ್ರವರಿ 3, ಮಾರ್ಚ್ 3, ಏಪ್ರಿಲ್ 6, ಮೇ 1, ಜೂನ್ 4, ಜುಲೈ 6, ಆಗಸ್ಟ್ 2, ಸೆಪ್ಟೆಂಬರ್ 5, ಅಕ್ಟೋಬರ್ 0, ನವೆಂಬರ್ 3, ಡಿಸೆಂಬರ್ 5. ಮೊತ್ತವನ್ನು 7ರಿಂದ ಭಾಗಿಸಿ. ಉಳಿದದ್ದು 0 ಆದರೆ ಭಾನುವಾರ, 1 ಸೋಮವಾರ, ಹೀಗೆ 6 ಶನಿವಾರ. 2000ದಿಂದ ಈಚೆಗೆ ಹುಟ್ಟಿದವರು ಮೊತ್ತದಲ್ಲಿ 1 ಕಳೆಯಬೇಕು. ಅಧಿಕ ವರ್ಷದ ಜನವರಿ, ಫೆಬ್ರವರಿಯಾದರೆ ಇನ್ನೂ 1 ಕಳೆಯಬೇಕು. ಸಾಮಾನ್ಯವಾಗಿ ತಪ್ಪಾಗುವುದು ಇಲ್ಲಿಯೇ.

ಅನ್ನಾನ್ ಅವರದ್ದನ್ನೇ ನೋಡಿ: 38, ಅದರ ಕಾಲು ಭಾಗ 9, ತಾರೀಖು 8, ಏಪ್ರಿಲ್‌ಗೆ 6. ಮೊತ್ತ 61. ಏಳರಿಂದ ಭಾಗಿಸಿದರೆ 5 ಉಳಿಯುತ್ತದೆ, ಶುಕ್ರವಾರ. 2004ರ ಆಗಸ್ಟ್ 15ಕ್ಕೆ: 4, 1, 15, 2 ಕೂಡಿ 22, ಒಂದು ಕಳೆದರೆ 21, ಶೇಷ 0, ಭಾನುವಾರ. ಅಂದು ಹುಟ್ಟಿದ ಹುಡುಗಿ ಅಕೊಸುವಾ. ಜಾತಕದಲ್ಲಿ ವಾರ ಸೂರ್ಯೋದಯದಿಂದ ಶುರು, ಕ್ಯಾಲೆಂಡರಿನಲ್ಲಿ ನಡುರಾತ್ರಿಯಿಂದ. ಬೆಳಗಿನ ಜಾವ ಹುಟ್ಟಿದವರಿಗೆ ಜಾತಕದ ವಾರವೂ ಈ ಲೆಕ್ಕವೂ ಒಂದು ದಿನ ಆಚೀಚೆ ಆದರೆ ಗಾಬರಿ ಬೇಡ.

ಎಲ್ಲಿ ಎಡವುತ್ತಾರೆ

ಘಾನಾದವರೆಲ್ಲ ಅಕಾನರಲ್ಲ. ಪೂರ್ವದ ಎವೆ ಜನರಲ್ಲೂ ವಾರದ ಹೆಸರಿದೆ, ರೂಪ ಬೇರೆ: ಸೋಮವಾರಕ್ಕೆ ಕೊಜೊ, ಮಂಗಳವಾರಕ್ಕೆ ಕೊಮ್ಲಾ, ಬುಧವಾರಕ್ಕೆ ಕೊಕು. ರಾಜಧಾನಿ ಅಕ್ರಾದ ಮೂಲನಿವಾಸಿಗಳಾದ ಗಾ ಜನರಿಗೆ ಸರದಿಯೇ ಮುಖ್ಯ: ಮೊದಲ ಹೆಣ್ಣು ಡೆಡೆ, ಎರಡನೆಯವಳು ಕೊರ್ಕೊರ್, ಮೂರನೆಯವಳು ಕಾಯ್. ಉತ್ತರದ ಮುಸ್ಲಿಮರಲ್ಲಿ ಅರಬ್ಬಿ ಮೂಲದ ವಾರಗಳಿಂದ ಬಂದ ತಲಾಟಾ, ಲಮಿಸಿಯಂಥ ಹೆಣ್ಣು ಹೆಸರುಗಳಿವೆ. ಕೋಫಿ ಎಂಬ ಹೆಸರು ಅಕಾನರಲ್ಲೂ ಎವೆಯವರಲ್ಲೂ ಇರುವುದರಿಂದ ಅದೊಂದನ್ನೇ ನೋಡಿ ಊರು ಹೇಳಲಾಗದು.

ನಾನಾ ಎಂಬುದು ಅಜ್ಜ ಅಜ್ಜಿಯರಿಗೆ, ಅರಸುಮನೆತನದವರಿಗೆ ಸಲ್ಲುವ ಗೌರವ ಪದ. ಅಜ್ಜನ ಹೆಸರಿಟ್ಟ ಮಗುವನ್ನೂ ನಾನಾ ಎಂದೇ ಕರೆಯುತ್ತಾರೆ, ಅಜ್ಜನ ಹೆಸರನ್ನು ಬೈಗುಳಕ್ಕೆ ಬಳಸಬಾರದಲ್ಲ. ಇಂಥ ಪದ ಹೆಸರೋ ಪದವಿಯೋ ಎಂಬ ವಿಚಾರವಾಗಿ 2018ರಲ್ಲಿ ಅಲ್ಲಿನ ಜನನ ನೋಂದಣಿಯ ಸುತ್ತ ದೊಡ್ಡ ವಾದವೇ ನಡೆಯಿತು.

ಕ್ವಾಸಿ ಎಂದು ಕರೆಯುವಾಗ ಕೊನೆಗೆ ‘ಯಾ’ ಎಳೆಯಬೇಡಿ. ‘ಕ್ವಾಸಿಯಾ’ ಎಂದರೆ ಮೂರ್ಖ, ಘಾನಾದಲ್ಲಿ ಅದು ಹೊಡೆದಾಟಕ್ಕೆ ದಾರಿಯಾಗುವಂಥ ಬೈಗುಳ. ಇನ್ನು ಕಚೇರಿಯಲ್ಲಿ ಹಿರಿಯರನ್ನು ಬರೀ ವಾರದ ಹೆಸರಿನಿಂದ ಕೂಗುವುದು ಅಲ್ಲಿಯೂ ಸಲ್ಲದು. ಅದು ಮನೆಯವರ, ಗೆಳೆಯರ ಸಲುಗೆ. ಅರ್ಜಿಯಲ್ಲಿ ಕ್ರೈಸ್ತ ಹೆಸರು, ವಾರದ ಹೆಸರು, ಕೊನೆಹೆಸರು ಮೂರೂ ಇದ್ದರೆ ಯಾವುದನ್ನೂ ಬಿಡದೆ ಬರೆಯಿರಿ. ಮನೆಯಲ್ಲಿ ಕರೆಯುವ ವಾರದ ಹೆಸರು ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಇರುವುದೇ ಇಲ್ಲ.

ಸಮುದ್ರ ದಾಟಿದ ವಾರಗಳು

ಗುಲಾಮರ ವ್ಯಾಪಾರದ ಕಾಲದಲ್ಲಿ ಗೋಲ್ಡ್ ಕೋಸ್ಟಿನ ಕೋಟೆಗಳಿಂದ ಲಕ್ಷಾಂತರ ಜನರನ್ನು ಅಮೆರಿಕ ಖಂಡಗಳಿಗೆ ಸಾಗಿಸಿದರು. ಬಟ್ಟೆ, ನೆಲ, ನೆಂಟರು ಎಲ್ಲ ಹೋದರೂ ವಾರದ ಹೆಸರು ಉಳಿಯಿತು, ಏಕೆಂದರೆ ಅದನ್ನು ನೆನಪಿಡಲು ಕುಲವೂ ಬೇಡ, ಅರ್ಚಕನೂ ಬೇಡ. ಮಗು ಹುಟ್ಟಿದ ದಿನ ಯಾವುದೆಂದು ಗೊತ್ತಿದ್ದರೆ ಸಾಕು. ಜಮೈಕಾದ ಬೆಟ್ಟಗಳಿಗೆ ತಪ್ಪಿಸಿಕೊಂಡು ಹೋಗಿ ಬ್ರಿಟಿಷರ ವಿರುದ್ಧ ಹೋರಾಡಿ 1739ರಲ್ಲಿ ಒಪ್ಪಂದಕ್ಕೆ ಒಪ್ಪಿಸಿದ ನಾಯಕನ ಹೆಸರು ಕಡ್ಜೊ, ಅಂದರೆ ಕ್ವಾಜೊ. 1763ರಲ್ಲಿ ಈಗಿನ ಗಯಾನಾದ ಬೆರ್ಬಿಸ್‌ನಲ್ಲಿ ದಂಗೆ ಎಬ್ಬಿಸಿದವನು ಕಫಿ, ಅಂದರೆ ಕೋಫಿ. ಗಯಾನಾ ಅವನನ್ನು ರಾಷ್ಟ್ರವೀರನೆಂದು ಗೌರವಿಸುತ್ತದೆ, ರಾಜಧಾನಿ ಜಾರ್ಜ್‌ಟೌನಿನಲ್ಲಿ ಅವನ ಪ್ರತಿಮೆಯಿದೆ. ಅಮೆರಿಕದ ಹಡಗು ಮಾಲೀಕ ಪಾಲ್ ಕಫಿಯ ಕೊನೆಹೆಸರು ಅವನ ತಂದೆಯ ವಾರದ ಹೆಸರು. ತೋಟದ ಮಾಲೀಕರ ಬಾಯಲ್ಲಿ ಈ ಹೆಸರುಗಳು ಕೆಟ್ಟ ಅರ್ಥ ಪಡೆದದ್ದೂ ಉಂಟು: ಜಮೈಕಾದಲ್ಲಿ ಕ್ವಾಶಿ ಎಂದರೆ ಹಳ್ಳಿಗುಗ್ಗು ಎಂದಾಯಿತು.

ಸುರಿನಾಮಿನಲ್ಲಿ ಇನ್ನೊಬ್ಬ ಕ್ವಾಸಿಗೆ ಬೇರೆಯೇ ಗತಿ ಒದಗಿತು. ಗುಲಾಮನಾಗಿ ಹೋಗಿ ನಾಟಿವೈದ್ಯನಾಗಿ ಹೆಸರಾದ ಅವನು ಕಹಿ ತೊಗಟೆಯ ಒಂದು ಗಿಡದಿಂದ ಜ್ವರಕ್ಕೆ ಔಷಧಿ ಕೊಡುತ್ತಿದ್ದ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಆ ಗಿಡಕ್ಕೆ ಅವನ ಹೆಸರನ್ನೇ ಇಟ್ಟು ‘ಕ್ವಾಸಿಯಾ ಅಮಾರಾ’ ಎಂದು ಕರೆದ. ಅಮಾರಾ ಎಂದರೆ ಲ್ಯಾಟಿನ್ನಿನಲ್ಲಿ ಕಹಿ. ಕರ್ನಾಟಕದಲ್ಲಿ ಲಕ್ಷ್ಮೀತರು ಎಂದು ಬೆಳೆಸುವ ಸಿಮರೂಬಾ ಮರ ಆ ಗಿಡದ ಕುಟುಂಬಕ್ಕೇ ಸೇರಿದ್ದು.